ಏಳು ಕಡೆ ಅಕೌಂಟ್ ಇದೆ, ಆರ್ಡರ್ ಎಲ್ಲಿಂದ ಬರುತ್ತದೆ ಅಂತಲೇ ಗೊತ್ತಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಹಪ್ಪಳದ ಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ತೋಟದ ಮನೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಅತ್ತೆ ಮಾಡಿದ ಹಲಸಿನ ಹಪ್ಪಳವನ್ನು ಬೆಂಗಳೂರಿನ ನೆಂಟರಿಗೆ ಕಳಿಸಿದ್ದೆವು. ಅವರು ಪಕ್ಕದ ಮನೆಯವರಿಗೆ ಕೊಟ್ಟರು, ಪಕ್ಕದ ಮನೆಯವರು ನಮ್ಮ ನಂಬರ್ ಕೇಳಿದರು, ಹಾಗೇ ಶುರುವಾಯಿತು. ಈಗ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ಆಲೆಮನೆ ಸಮಯದಲ್ಲಿ ಜೋನಿಬೆಲ್ಲ ಮತ್ತು ತೊಡದೇವು (ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ) ಮಾಡುತ್ತೇವೆ. ಬೇಸಿಗೆಯಲ್ಲಿ ಊರಿನ ನಾಲ್ಕು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಕಟ್ಟುವುದು, ಲೇಬಲ್ ಹಚ್ಚುವುದು, ಪಾರ್ಸೆಲ್, ಫೋನ್, ಲೆಕ್ಕ ಎಲ್ಲ ನಾನೇ.

ಎರಡು ವರ್ಷದ ಹಿಂದೆ ಮೈದುನನ ಮಗ ರಜೆಗೆ ಬಂದವನು "ದೊಡ್ಡಮ್ಮ, ಎಲ್ಲಾ ಕಡೆ ಇರಬೇಕು, ಆಗಲೇ ಬ್ರ್ಯಾಂಡ್ ಆಗುವುದು" ಅಂತ ಹೇಳಿ ಒಂದೇ ವಾರದಲ್ಲಿ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಟೆಲಿಗ್ರಾಂ, ಶೇರ್‌ಚಾಟ್, ಎಕ್ಸ್, ವಾಟ್ಸಾಪ್ ಚಾನೆಲ್ ಎಲ್ಲಾ ತೆರೆದುಕೊಟ್ಟು ಹೋದ. ಹುಡುಗನದ್ದು ಒಳ್ಳೆಯ ಮನಸ್ಸೇ. ಆದರೆ ಅವನು ಹೋದ ಮೇಲೆ ನಡೆಸುವವಳು ನಾನು. ರಾತ್ರಿ ಹತ್ತಕ್ಕೆ ಅಡಿಗೆಮನೆ ಕೆಲಸ ಮುಗಿದ ಮೇಲೆ ಒಂದೇ ಫೋಟೋವನ್ನು ಏಳು ಕಡೆ ಹಾಕುತ್ತಾ ಕೂತರೆ ಹನ್ನೆರಡಾಗುತ್ತದೆ. ಟೆಲಿಗ್ರಾಂ ಚಾನೆಲ್‌ನಲ್ಲಿ 19 ಜನ ಇದ್ದಾರೆ, ಅದರಲ್ಲಿ ಎಂಟು ಜನ ನೆಂಟರು.

ಈ ಜನವರಿಯಲ್ಲಿ ತೊಡದೇವು ಎರೆಯುವ ರೀಲ್ ಒಂದನ್ನು ಹಾಕಿದ್ದೆ. ಬೋರಲು ಹಾಕಿದ ಮಡಕೆ, ಕೆಳಗೆ ಉರಿ, ಅತ್ತೆ ಬಟ್ಟೆಯನ್ನು ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಅದ್ದಿ ಮಡಕೆಯ ಮೇಲೆ ಒಂದು ಸಲ ಸವರಿ, ಕಾಗದದ ಹಾಗೆ ಎಬ್ಬಿಸಿ ಮಡಚುತ್ತಾರಲ್ಲ, ಅಷ್ಟೇ. ಒಂದು ಲಕ್ಷ ಎಂಬತ್ತು ಸಾವಿರ ಜನ ನೋಡಿದರು! ನನಗೆ ನಿದ್ದೆಯೇ ಬರಲಿಲ್ಲ. ಆರ್ಡರ್ ಬಂದದ್ದು ನಾಲ್ಕು. ಅದರಲ್ಲಿ ಎರಡು ದಾರಿಯಲ್ಲಿ ಪುಡಿಪುಡಿಯಾಗಿ ದುಡ್ಡು ವಾಪಸ್ ಕೊಟ್ಟೆ.

ಇದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದು. ಕುಮಟಾ ಕಡೆಯವರೊಬ್ಬರು ಮಗನ ಉಪನಯನಕ್ಕೆ ಹಪ್ಪಳ 40 ಕಟ್ಟು ಬೇಕು ಅಂತ ಫೇಸ್‌ಬುಕ್ ಪೇಜಿಗೆ ಮೆಸೇಜ್ ಹಾಕಿದ್ದರು. ಅದು ಎಲ್ಲೋ ಒಳಗೆ ಹೋಗಿ ಕೂತಿತ್ತು, ನಾನು ನೋಡಿದ್ದು ಒಂಬತ್ತು ದಿನ ಬಿಟ್ಟು. ಅಷ್ಟು ಹೊತ್ತಿಗೆ ಉಪನಯನವೇ ಮುಗಿದಿತ್ತು.

ಈಗ ಪೇಟೆಯಲ್ಲಿ ಒಬ್ಬರು ತಿಂಗಳಿಗೆ 8,000 ಕೊಡಿ, ಎಲ್ಲಾ ಅಕೌಂಟ್ ನಾವೇ ನೋಡಿಕೊಳ್ಳುತ್ತೇವೆ, ತಿಂಗಳಿಗೆ 20 ಪೋಸ್ಟ್ ಹಾಕುತ್ತೇವೆ ಅನ್ನುತ್ತಿದ್ದಾರೆ. ಕೊಡಲಾ? ಅಥವಾ ಅರ್ಧ ಮುಚ್ಚಿಬಿಡಲಾ? ಮುಚ್ಚುವುದಾದರೆ ಯಾವುದನ್ನು? ಅನುಭವ ಇದ್ದವರು ಹೇಳಿ. ಪುಸ್ತಕದ ಮಾತು ಬೇಡ, ಯೂಟ್ಯೂಬ್‌ನಲ್ಲಿ ಅದನ್ನು ಬೇಕಾದಷ್ಟು ಕೇಳಿದ್ದೇನೆ.

---

ಇಳಕಲ್ ಸೀರೆ ಅಂಗಡಿ

ಅಕ್ಕಾರ, ನಮಸ್ಕಾರ ರೀ. ನಮ್ಮದು ಇಳಕಲ್‌ನಲ್ಲಿ ಸೀರೆ ಅಂಗಡಿ, ಅಪ್ಪನ ಕಾಲದ್ದು. ನಾನೂ ನಿಮ್ಮ ಹಾಗೆಯೇ ಐದು ಕಡೆ ಒದ್ದಾಡಿದವನು.

ಮುಚ್ಚುವ ಮೊದಲು ಒಂದು ಕೆಲಸ ಮಾಡಿರಿ. ಒಂದು ನೋಟ್‌ಬುಕ್ ತಗೊಂಡು ಒಂದು ತಿಂಗಳು, ಆರ್ಡರ್ ಕೊಟ್ಟ ಪ್ರತಿಯೊಬ್ಬರಿಗೂ "ನಮ್ಮ ವಿಷಯ ಎಲ್ಲಿ ನೋಡಿದಿರಿ?" ಅಂತ ಒಂದೇ ಪ್ರಶ್ನೆ ಕೇಳಿ ಬರೆದಿಡಿ. ಆಪ್ ಒಳಗೆ ಅದು ಇದು ಗ್ರಾಫ್ ತೋರಿಸುತ್ತದೆ, ಅದು ಯಾರು ನೋಡಿದರು ಅಂತ ಹೇಳುತ್ತದೆ, ಯಾರು ದುಡ್ಡು ಕೊಟ್ಟರು ಅಂತ ಹೇಳುವುದಿಲ್ಲ. ನಾನು ಬರೆದಾಗ ಗೊತ್ತಾಗಿದ್ದು ಏನಪ್ಪಾ ಅಂದರೆ, ಹಳೆಯ ಗಿರಾಕಿಗಳೆಲ್ಲ ವಾಟ್ಸಾಪ್ ಸ್ಟೇಟಸ್ ನೋಡಿ ಕೇಳುತ್ತಾರೆ, ಹೊಸಬರು ಇನ್‌ಸ್ಟಾದಿಂದ ಬರುತ್ತಾರೆ, ಫೇಸ್‌ಬುಕ್‌ನಿಂದ ಬರುವವರು ಐವತ್ತು ದಾಟಿದವರು, ಆದರೆ ಅವರು ಒಂದು ಸಲಕ್ಕೆ ನಾಲ್ಕು ಸೀರೆ ತಗೊಳ್ಳುತ್ತಾರೆ. ಯೂಟ್ಯೂಬ್‌ನಿಂದ ಒಬ್ಬರೂ ಇಲ್ಲ. ನಾನು ಅದಕ್ಕೆ ಒಂದೂವರೆ ವರ್ಷ ವಿಡಿಯೋ ಮಾಡಿದ್ದೆ ನೋಡ್ರಿ, ಹುಚ್ಚನ ಹಾಗೆ.

ನನಗೆ ಇನ್‌ಸ್ಟಾ ಬಿಡುವ ಹಾಗಿಲ್ಲ. ಸೀರೆ ಕಣ್ಣಿಗೆ ಬಿದ್ದರೇ ಮಾರಾಟ. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಜೋಡಿಸುವುದನ್ನು ಮಗ್ಗದ ಹತ್ತಿರ ಕೂತು ಒಂದು ನಿಮಿಷ ತೋರಿಸಿದರೆ ಜನ ನಿಂತು ನೋಡುತ್ತಾರೆ. ನಿಮ್ಮದು ನಾಲಿಗೆಯ ವ್ಯಾಪಾರ. ರುಚಿಯನ್ನು ವಿಡಿಯೋದಲ್ಲಿ ತೋರಿಸಲಿಕ್ಕೆ ಬರುವುದಿಲ್ಲ. ಒಮ್ಮೆ ತಿಂದವರು ಮತ್ತೆ ಕೇಳುವುದರಲ್ಲೇ ನಿಮ್ಮ ಜೀವ ಇದೆ. ಹಾಗಾಗಿ ನಿಮಗೆ ವಾಟ್ಸಾಪ್ ಅಂಗಡಿ, ಉಳಿದದ್ದೆಲ್ಲ ದಾರಿಯಲ್ಲಿ ನೆಟ್ಟ ಬೋರ್ಡ್.

ಇನ್ನೊಂದು. ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಸ್ಟೇಟಸ್ ಅವರಿಗೆ ಕಾಣಬೇಕಾದರೆ ಅವರ ಫೋನಿನಲ್ಲಿ ನಿಮ್ಮ ನಂಬರ್, ನಿಮ್ಮ ಫೋನಿನಲ್ಲಿ ಅವರ ನಂಬರ್, ಎರಡೂ ಸೇವ್ ಆಗಿರಬೇಕು. ಒಂದೇ ಮೆಸೇಜನ್ನು ಬಹಳ ಜನರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಕೂಡ ಹಾಗೇ, ಒಂದು ಲಿಸ್ಟಿಗೆ 256 ಜನ, ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿರದಿದ್ದರೆ ಮೆಸೇಜ್ ಹೋಗುವುದೇ ಇಲ್ಲ. ಅದಕ್ಕೆ ನಾನು ಪ್ರತಿ ಪಾರ್ಸೆಲ್ ಒಳಗೆ ಒಂದು ಚೀಟಿ ಇಡುತ್ತೇನೆ: "ಈ ನಂಬರ್ ಇಳಕಲ್ ಸೀರೆ ಅಂತ ಸೇವ್ ಮಾಡಿಕೊಳ್ಳಿ, ಹೊಸ ಸೀರೆ ಸ್ಟೇಟಸ್‌ನಲ್ಲಿ ಹಾಕುತ್ತೇವೆ." ಚೀಟಿ ಇಡಲು ಶುರು ಮಾಡಿದ ಮೇಲೆ ಸ್ಟೇಟಸ್ ನೋಡುವವರು ಮೂರು ಪಟ್ಟು ಆದರು.

ಮತ್ತೆ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ ದಾಳಿಂಬಿ ಬಣ್ಣ ಇಟ್ಟಿಗೆ ಬಣ್ಣವಾಗಿ ಕಂಡು ನನಗೆ ಎಷ್ಟು ಸೀರೆ ವಾಪಸ್ ಬಂದಿವೆಯೋ ಲೆಕ್ಕ ಇಟ್ಟಿಲ್ಲ. ಉಪ್ಪಿನಕಾಯಿಗೂ ಅದೇ ಕಥೆ.

---

ಕೇಕ್ ಹುಡುಗ, ಮೈಸೂರು

ನಾನು ಒಪ್ಪುವುದಿಲ್ಲ ಅಣ್ಣ. ನನ್ನ ಕೇಕ್ ಆರ್ಡರ್ ಹತ್ತಕ್ಕೆ ಒಂಬತ್ತು ಇನ್‌ಸ್ಟಾದಿಂದಲೇ. ಕೇಕ್ ಕೂಡ ನಾಲಿಗೆಯದ್ದೇ ಅಲ್ವಾ? ವಾಟ್ಸಾಪ್‌ನಲ್ಲೇ ಕೂತರೆ ಹೊಸಬರು ಬರುವುದು ಹೇಗೆ? ದಿನಕ್ಕೊಂದು ರೀಲ್ ಹಾಕಿ ಅಕ್ಕ, ಆಗುತ್ತದೆ.

---

ಇಳಕಲ್ ಸೀರೆ ಅಂಗಡಿ

ತಮ್ಮಾ, ನಿನ್ನ ಗಿರಾಕಿ ಮೈಸೂರಿನಲ್ಲೇ ಇದ್ದಾನೆ, ನಾಳೆ ಹುಟ್ಟಿದ ಹಬ್ಬ, ಇವತ್ತು ಕೇಕ್ ಬೇಕು. ಅಕ್ಕಾರ ಗಿರಾಕಿ ಐನೂರು ಕಿಲೋಮೀಟರ್ ದೂರ, ಒಮ್ಮೆ ತಗೊಂಡರೆ ಆರು ತಿಂಗಳು ಡಬ್ಬಿಯಲ್ಲಿ ಇರುತ್ತದೆ. ಎರಡಕ್ಕೂ ಒಂದೇ ಔಷಧ ಕೊಡಲಿಕ್ಕೆ ಆಗುತ್ತದಾ? ದಿನಕ್ಕೊಂದು ರೀಲ್ ಮಾಡುತ್ತಾ ಕೂತರೆ ಹಪ್ಪಳ ಲಟ್ಟಿಸುವವರು ಯಾರು?

---

ವಿಜಯನಗರದ ಗಿರಾಕಿ

ನಾನು ಮಾರುವವಳಲ್ಲ, ಕೊಳ್ಳುವವಳು. ತವರು ಸಿದ್ದಾಪುರದ ಹತ್ತಿರ, ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ನಮ್ಮ ಕಡೆಯಿಂದಲೂ ಒಂದೆರಡು ಮಾತು.

ಮಿಡಿ ಉಪ್ಪಿನಕಾಯಿ ಮಾಡುವವರನ್ನು ಇನ್‌ಸ್ಟಾದಲ್ಲಿ ನೋಡುತ್ತೇನೆ. ಬಾಯಲ್ಲಿ ನೀರು ಬರುತ್ತದೆ. ಕೆಳಗೆ ಏನಿರುತ್ತದೆ ಅಂದರೆ "ರೇಟ್‌ಗೆ ಮೆಸೇಜ್ ಮಾಡಿ." ಮಾಡಿದರೆ ಎರಡು ದಿನ ಉತ್ತರ ಇಲ್ಲ. ಅಷ್ಟರಲ್ಲಿ ನನ್ನ ಆಸೆ ಆರಿಹೋಗಿರುತ್ತದೆ. ಯಾಕೆ ರೇಟ್ ಮುಚ್ಚಿಡುತ್ತೀರಿ? ಕದ್ದ ಮಾಲಾ? ಅರ್ಧ ಕೆಜಿ ಎಷ್ಟು, ಪಾರ್ಸೆಲ್ ಖರ್ಚು ಎಷ್ಟು, ಎಷ್ಟು ದಿನಕ್ಕೆ ಬರುತ್ತದೆ, ಜೀರಿಗೆ ಮಿಡಿಯಾ ಅಥವಾ ಮಾಮೂಲಿ ಅಪ್ಪೆಯಾ, ಎಣ್ಣೆ ಹಾಕಿದ್ದಾ ಉಪ್ಪುನೀರಿನದ್ದಾ, ಇಷ್ಟು ಬರೆದರೆ ನಾನು ಕೂತಲ್ಲೇ ದುಡ್ಡು ಹಾಕುತ್ತೇನೆ.

ಹಿಂದಿನ ಮಾರಿಕಾಂಬಾ ಜಾತ್ರೆಗೆ ಬಂದಿದ್ದೆ, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂತ ಮನೆಮಂದಿಯೆಲ್ಲ ಬಂದಿದ್ದೆವು. ಹಾಗೇ ಹಪ್ಪಳ ತಗೊಂಡು ಹೋಗೋಣ ಅಂತ ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದರೆ ಮನೆಯಲ್ಲಿ ಮಾಡುವವರು ಒಬ್ಬರೂ ಸಿಗಲಿಲ್ಲ, ಎಲ್ಲ ಪೇಟೆಯ ಅಂಗಡಿಗಳೇ. ನೀವು ಏಳು ಕಡೆ ಇದ್ದೀರಿ, ನಾನು ಹುಡುಕಿದ ಎಂಟನೇ ಕಡೆ ಇಲ್ಲ!

---

ಪೇಜ್ ನೋಡಿಕೊಳ್ಳುವವ, ಶಿವಮೊಗ್ಗ

ನಾನು ಹತ್ತಾರು ಸಣ್ಣ ಅಂಗಡಿಗಳ ಪೇಜ್ ನೋಡಿಕೊಂಡು ಬದುಕುವವನು. ಹಾಗಾಗಿ ಮೊದಲೇ ಹೇಳುತ್ತೇನೆ, ಆ 8,000 ಕೊಡಬೇಡಿ. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡ ಹಾಗೆ ಆಯಿತು, ಇರಲಿ.

ಲೆಕ್ಕ ಹಾಕಿ ನೋಡಿ ಮೇಡಂ. ಒಂದು ಕಟ್ಟು ಹಪ್ಪಳಕ್ಕೆ ಎಲ್ಲ ಖರ್ಚು ಕಳೆದು ನಿಮಗೆ 30 ರೂಪಾಯಿ ಉಳಿಯುತ್ತದೆ ಅಂತ ಇಟ್ಟುಕೊಳ್ಳೋಣ. ಆ 8,000 ತೀರಿಸಲಿಕ್ಕೇ ತಿಂಗಳಿಗೆ 267 ಕಟ್ಟು ಜಾಸ್ತಿ ಮಾರಬೇಕು. ಮಾಡಿಕೊಡುವ ಕೈ ಇದೆಯಾ? ಮಳೆಗಾಲದಲ್ಲಿ ಹಪ್ಪಳ ಒಣಗಿಸುವುದಾದರೂ ಎಲ್ಲಿ? ಅಷ್ಟಕ್ಕೂ ಅವರು ಹಾಕುವ 20 ಪೋಸ್ಟ್‌ನಲ್ಲಿ ಹತ್ತು ಹಬ್ಬದ ಶುಭಾಶಯ ಇರುತ್ತದೆ. ನಾವೂ ಹಾಗೇ ಮಾಡುವುದು, ಸುಳ್ಳು ಯಾಕೆ ಹೇಳಲಿ.

ಉಪನಯನದ ಆರ್ಡರ್ ತಪ್ಪಿದ್ದು ಅಕೌಂಟ್ ಜಾಸ್ತಿ ಇದ್ದದ್ದಕ್ಕೆ. ಫೇಸ್‌ಬುಕ್ ಪೇಜ್, ಇನ್‌ಸ್ಟಾ ಎರಡನ್ನೂ ಮೆಟಾ ಬಿಸಿನೆಸ್ ಸೂಟ್ ಅನ್ನುವ ಆಪ್‌ಗೆ ಜೋಡಿಸಿ. ದುಡ್ಡು ಇಲ್ಲ. ಎರಡರ ಮೆಸೇಜ್‌ಗಳೂ ಒಂದೇ ಇನ್‌ಬಾಕ್ಸ್‌ಗೆ ಬೀಳುತ್ತವೆ, ಎರಡೂ ಕಡೆಗೆ ಒಂದೇ ಸಲ ಪೋಸ್ಟ್ ಮಾಡಬಹುದು, ಮುಂದಿನ ವಾರದ್ದನ್ನು ಇವತ್ತೇ ಟೈಮ್ ಕೊಟ್ಟು ಇಡಬಹುದು. ಭಾನುವಾರ ಮಧ್ಯಾಹ್ನ ಒಂದು ತಾಸು ಕೂತರೆ ವಾರದ ಕೆಲಸ ಮುಗಿಯಿತು. ರಾತ್ರಿ ಹನ್ನೆರಡರ ತನಕ ಕೂರುವುದು ನಿಲ್ಲುತ್ತದೆ.

ವಾಟ್ಸಾಪ್ ಮಾಮೂಲಿಯದ್ದು ಇಟ್ಟುಕೊಂಡಿದ್ದರೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಅದೂ ಪುಕ್ಕಟೆ. ಮನೆಯ ನಂಬರ್ ಬೇರೆ, ವ್ಯಾಪಾರದ ನಂಬರ್ ಬೇರೆ ಇರಲಿ, ಒಂದೇ ಫೋನಿನಲ್ಲಿ ಎರಡೂ ಆಪ್ ನಡೆಯುತ್ತವೆ. ಕ್ಯಾಟಲಾಗ್‌ನಲ್ಲಿ ಒಂದೊಂದು ಸಾಮಾನಿನ ಫೋಟೋ, ತೂಕ, ರೇಟ್ ಹಾಕಿ. ವಿಜಯನಗರದ ಅಕ್ಕ ಬೈದದ್ದಕ್ಕೆ ಉತ್ತರ ಅಲ್ಲೇ ಆಗುತ್ತದೆ. ದಿನಾ ಕೇಳುವ ಐದಾರು ಪ್ರಶ್ನೆಗೆ ಕ್ವಿಕ್ ರಿಪ್ಲೈ ಬರೆದಿಡಿ. "ದುಡ್ಡು ಬಂದಿದೆ", "ಕಳಿಸಬೇಕು", "ಕಳಿಸಿದೆ" ಅಂತ ಲೇಬಲ್ ಮಾಡಿ ಬಣ್ಣ ಕೊಡಿ. ಇಷ್ಟರಲ್ಲೇ ಅರ್ಧ ತಲೆನೋವು ಕಡಿಮೆ.

ಉಳಿದವನ್ನು ಡಿಲೀಟ್ ಮಾಡಬೇಡಿ. ಮಾಡಿದರೆ ನಿಮ್ಮ ಹೆಸರನ್ನು ಬೇರೆ ಯಾರೋ ತಗೊಂಡು ಅಂಗಡಿ ತೆರೆಯುತ್ತಾರೆ. ಯೂಟ್ಯೂಬ್, ಎಕ್ಸ್, ಶೇರ್‌ಚಾಟ್ ಮೂರರಲ್ಲೂ ಮೇಲೆ ಒಂದೇ ಪೋಸ್ಟ್ ಹಾಕಿ: "ಇಲ್ಲಿ ಮೆಸೇಜ್ ನೋಡುವುದಿಲ್ಲ, ಆರ್ಡರ್‌ಗೆ ಈ ವಾಟ್ಸಾಪ್ ನಂಬರ್." ಅಷ್ಟು ಮಾಡಿ ಮರೆತುಬಿಡಿ. ಟೆಲಿಗ್ರಾಂ ಮುಚ್ಚಿದರೆ ನಿಮ್ಮ ನೆಂಟರೂ ಗಮನಿಸುವುದಿಲ್ಲ.

ಗೂಗಲ್ ಮ್ಯಾಪ್‌ನಲ್ಲಿ ಹುಡುಕಿದವರಿಗೆ ಸಿಗಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾತ್ರ ಇವತ್ತೇ ಮಾಡಿ. ಮನೆಗೆ ಯಾರೂ ಬರುವುದು ಬೇಡ ಅಂದರೆ ವಿಳಾಸ ಮುಚ್ಚಿಟ್ಟು ಊರಿನ ಹೆಸರು ಮಾತ್ರ ತೋರಿಸಬಹುದು. ಹಳೆಯ ಗಿರಾಕಿ ಹತ್ತು ಜನರ ಹತ್ತಿರ ನಿಜವಾದ ರಿವ್ಯೂ ಬರೆಸಿ, ಕನ್ನಡದಲ್ಲೇ ಬರೆಯಲಿ. ದುಡ್ಡು ಕೊಟ್ಟು ಬರೆಸುವ ರಿವ್ಯೂಗೆ ಹೋಗಬೇಡಿ, ಅದು ಗೂಗಲ್‌ಗೆ ಗೊತ್ತಾದರೆ ತೆಗೆದುಹಾಕುತ್ತದೆ.

ರೀಲ್ ವಿಷಯ. ಮೈಸೂರಿನ ತಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ, ಹೊಸಬರು ಬರಬೇಕು. ಆದರೆ ನೀವು ತೊಡದೇವು ತೋರಿಸಿ ಹಪ್ಪಳ ಮಾರಬೇಕು, ಅಲ್ಲೇ ಗಂಟು ಇರುವುದು. ಪಾರ್ಸೆಲ್‌ನಲ್ಲಿ ಒಡೆಯುವ ಸಾಮಾನಿಗೆ ಲಕ್ಷ ಜನ ಬಂದರೆ ಏನು ಲಾಭ? ತೊಡದೇವು ರೀಲ್‌ನ ಕೊನೆಗೆ ಎರಡು ಸೆಕೆಂಡ್ ಹಪ್ಪಳದ ಕಟ್ಟು ತೋರಿಸಿ, ಕೆಳಗೆ "ತೊಡದೇವು ಮನೆಗೆ ಬಂದವರಿಗೆ ಮಾತ್ರ, ಹಪ್ಪಳ ಎಲ್ಲ ಕಡೆಗೂ" ಅಂತ ಬರೆಯಿರಿ. ಹಾಡು ಹಾಕಲು ತಲೆ ಕೆಡಿಸಿಕೊಳ್ಳಬೇಡಿ, ಬಿಸಿನೆಸ್ ಅಕೌಂಟ್‌ಗೆ ಸಿನಿಮಾ ಹಾಡು ಹೆಚ್ಚಾಗಿ ಸಿಗುವುದೂ ಇಲ್ಲ. ಎಣ್ಣೆಗೆ ಬಿದ್ದ ಹಪ್ಪಳ ಅರಳುವ ಸದ್ದು ಸಾಕು. ಅದಕ್ಕಿಂತ ಒಳ್ಳೆಯ ಹಾಡು ಯಾರ ಹತ್ತಿರ ಇದೆ?

ಮತ್ತೆ ಈಗಲೇ ಏಪ್ರಿಲ್, ಮೇನಲ್ಲಿ ಸಣ್ಣ ಸಣ್ಣ ವಿಡಿಯೋ 30 ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ತೊಳೆ ಬಿಡಿಸುವುದು, ಬೇಯಿಸಿ ರುಬ್ಬುವುದು, ಬಾಳೆ ಎಲೆಯ ಮೇಲೆ ಒತ್ತುವುದು, ಚಾಪೆಯ ಮೇಲೆ ಒಣಗಲು ಹಾಕಿದ್ದು, ಕಾಗೆ ಓಡಿಸುವುದು. ಜೂನ್‌ನಿಂದ ಮಳೆ ಹಿಡಿದರೆ ತೋರಿಸಲು ಏನೂ ಇರುವುದಿಲ್ಲ, ಆದರೆ ಹಪ್ಪಳ ತಿನ್ನುವ ಆಸೆ ಹುಟ್ಟುವುದೇ ಮಳೆಗಾಲದಲ್ಲಿ.

ಜಾಹೀರಾತಿಗೆ ದುಡ್ಡು ಹಾಕುವುದಾದರೆ ಪೋಸ್ಟ್ ಕೆಳಗೆ ಬರುವ "ಬೂಸ್ಟ್" ಬಟನ್ ಸುಮ್ನೆ ಒತ್ತಬೇಡಿ. ಒತ್ತಿದಾಗ ವಾಟ್ಸಾಪ್‌ಗೆ ಹೋಗುವ ಜಾಹೀರಾತು ಅಂತ ಇರುತ್ತದೆ, ಅದನ್ನು ಆರಿಸಿ, ಬೆಂಗಳೂರು ಮಾತ್ರ ಕೊಟ್ಟು, ಗಣೇಶನ ಹಬ್ಬಕ್ಕೆ ಮೂರು ವಾರ ಮೊದಲು ದಿನಕ್ಕೆ 200 ರೂಪಾಯಿಯಂತೆ ಐದು ದಿನ ನೋಡಿ. ಮೇಲೆ ಶೇಕಡ 18 ಜಿಎಸ್‌ಟಿ ಸೇರುತ್ತದೆ. ಆ ದುಡ್ಡು ವಾಪಸ್ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ.

---

ಹಪ್ಪಳದ ಮನೆ, ಶಿರಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಗೆ ಓಡಿಸುವುದು ಓದಿ ಅತ್ತೆ ನಕ್ಕರು, "ಶಿವಮೊಗ್ಗದವನಿಗೆ ಹೇಗೆ ಗೊತ್ತು" ಅಂತ ಕೇಳಿದರು.

ಬಿಸಿನೆಸ್ ಸೂಟ್ ಜೋಡಿಸಲು ಕೂತೆ. ಪಾಸ್‌ವರ್ಡ್ ಕೇಳಿತು. ನನ್ನ ಹತ್ತಿರ ಇಲ್ಲ. ಎಲ್ಲವೂ ಮೈದುನನ ಮಗನ ಮೇಲ್ ಐಡಿಯಲ್ಲಿ ಇದೆಯಂತೆ, ಅವನ ಹಳೆಯ ಫೋನ್ ನಂಬರ್‌ಗೆ ಓಟಿಪಿ ಹೋಗುತ್ತದಂತೆ. ಆ ನಂಬರ್ ಈಗ ಇಲ್ಲ. ಇದು ದೊಡ್ಡ ತೊಂದರೆಯಾ?

---

ಗಿಡದಂಗಡಿ, ಮಂಗಳೂರು ಕಡೆ

ದೊಡ್ಡ ತೊಂದರೆ. ಮಿಡಿ ಉಪ್ಪಿನಕಾಯಿ ಭರಣಿ ಬಿಟ್ಟು ಮೊದಲು ಇದನ್ನು ಸರಿ ಮಾಡಿ.

ನನ್ನ ಕಥೆ ಹೇಳುತ್ತೇನೆ. ನಮ್ಮದು ಆಂಥೂರಿಯಂ, ಆರ್ಕಿಡ್ ಮಾರುವ ಸಣ್ಣ ನರ್ಸರಿ. ಇನ್‌ಸ್ಟಾದಲ್ಲಿ 14,000 ಜನ ಇದ್ದರು. ಒಂದು ಸಂಜೆ ಮೆಸೇಜ್ ಬಂತು, "ನಿಮ್ಮ ಪೇಜ್ ಕಾಪಿರೈಟ್ ನಿಯಮ ಮುರಿದಿದೆ, 24 ಗಂಟೆಯಲ್ಲಿ ತೆಗೆದುಹಾಕುತ್ತೇವೆ, ಆಕ್ಷೇಪ ಇದ್ದರೆ ಇಲ್ಲಿ ಒತ್ತಿ." ಲೋಗೋ, ಅಕ್ಷರ ಎಲ್ಲ ಕಂಪನಿಯದ್ದೇ ಥರ. ಅಂಗಡಿಯಲ್ಲಿ ಜನ ಇದ್ದರು, ಒಂದು ಕೈಯಲ್ಲಿ ಬಿಲ್ ಬರೆಯುತ್ತಾ ಇನ್ನೊಂದು ಕೈಯಲ್ಲಿ ಪಾಸ್‌ವರ್ಡ್ ಹೊಡೆದೆ. ಹತ್ತು ನಿಮಿಷದಲ್ಲಿ ಪೇಜ್ ಹೋಯಿತು. ಮರುದಿನ ನಮ್ಮ ಪೇಜಿನಲ್ಲಿ ಯಾರೋ ದುಡ್ಡು ಡಬಲ್ ಮಾಡುವ ಸ್ಕೀಮ್ ಹಾಕುತ್ತಿದ್ದ, ನನ್ನ ಗಿರಾಕಿಗಳು ನನಗೇ ಫೋನ್ ಮಾಡಿ ಬೈಯುತ್ತಿದ್ದರು. ಒಬ್ಬರು ದುಡ್ಡು ಕಳಕೊಂಡರು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಕೊಡಿಸಿದೆ. ಪೇಜ್ ಮಾತ್ರ ವಾಪಸ್ ಬರಲಿಲ್ಲ, ಯಾಕೆಂದರೆ ಅದನ್ನು ತೆರೆದವನು ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ, ಅವನ ಮೇಲ್, ಅವನ ನಂಬರ್. ಅದು ನನ್ನದು ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ ಇವತ್ತೇ ಆ ಹುಡುಗನನ್ನು ಹಿಡಿದು ಕೂರಿಸಿ. ಅವನ ಫೋನಿನಲ್ಲಿ ಎಲ್ಲಿಯಾದರೂ ಇನ್ನೂ ಲಾಗಿನ್ ಇದ್ದರೆ ದೇವರು ದೊಡ್ಡವನು, ಅಲ್ಲಿಂದಲೇ ಮೇಲ್, ನಂಬರ್ ಬದಲಾಯಿಸಬಹುದು. ವ್ಯಾಪಾರಕ್ಕೆ ಅಂತಲೇ ಹೊಸ ಮೇಲ್ ತೆರೆಯಿರಿ, ಸಿಮ್ ನಿಮ್ಮ ಹೆಸರಲ್ಲೇ ಇರಲಿ. ಫೇಸ್‌ಬುಕ್ ಪೇಜಿಗೆ ನೀವು ಮತ್ತು ಮನೆಯವರು, ಇಬ್ಬರನ್ನೂ ಅಡ್ಮಿನ್ ಮಾಡಿ. ಟೂ ಸ್ಟೆಪ್, ಅಂದರೆ ಪಾಸ್‌ವರ್ಡ್ ಮೇಲೆ ಇನ್ನೊಂದು ಬೀಗ, ಹಾಕಿ, ವಾಟ್ಸಾಪ್‌ಗೂ ಹಾಕಿ, ಆರು ಅಂಕಿಯ ಪಿನ್ ಕೇಳುತ್ತದೆ. ಓಟಿಪಿ ಕೇಳಿದವರು ಯಾರೇ ಆಗಿರಲಿ, ಸ್ವಂತ ಅಣ್ಣನ ನಂಬರ್‌ನಿಂದಲೇ ಮೆಸೇಜ್ ಬಂದಿರಲಿ, ಕೊಡಬೇಡಿ.

ಗಿರಾಕಿಗಳ ಹೆಸರು, ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ. ನಾವು ಮಾಡುತ್ತಿರುವುದು ಗೇಣಿ ಜಮೀನಿನಲ್ಲಿ ತೆಂಗು ನೆಟ್ಟ ಹಾಗೆ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆದಾಗ ನಮ್ಮ ಊರಿನಲ್ಲೇ ಬಟ್ಟೆ ಮಾರುತ್ತಿದ್ದ ಒಬ್ಬಳು ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಕಳಕೊಂಡಳು. ಕನ್ನಡದಲ್ಲೇ ಶುರುವಾದ ಕೂ ಆಪ್ ಇತ್ತಲ್ಲ, ಅದೂ 2024ರ ಜುಲೈನಲ್ಲಿ ಮುಚ್ಚಿತು. ನನ್ನ ಪೇಜ್ ಹೋದಾಗ ಉಳಿದದ್ದು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡಿದ್ದ 600 ನಂಬರ್ ಮಾತ್ರ. ಅದರಿಂದಲೇ ಮತ್ತೆ ಎದ್ದೆವು.

---

ಕಿರಾಣಿ ಅಂಗಡಿ, ಹಾಸನ

ನೀವೆಲ್ಲ ಆನ್‌ಲೈನ್ ಆನ್‌ಲೈನ್ ಅನ್ನುತ್ತೀರಿ, ಫೋನ್‌ನಲ್ಲಿ ದುಡ್ಡು ತಗೊಂಡರೆ ಟ್ಯಾಕ್ಸ್‌ನವರು ನೋಟಿಸ್ ಕಳಿಸುತ್ತಾರೆ. ಹೋದ ವರ್ಷ ನೋಡಲಿಲ್ವಾ?

---

ಪೇಜ್ ನೋಡಿಕೊಳ್ಳುವವ, ಶಿವಮೊಗ್ಗ

ಅದು 2025ರ ಜುಲೈ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು, ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದರು. ಆದರೆ ಹೆದರಿಕೊಂಡು ಆನ್‌ಲೈನ್ ಬಿಡುವುದು ಬೇಡ ಅಣ್ಣ. ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಶಿರಸಿ ಮೇಡಂ, ನಿಮಗೆ ಒಂದು ಕೊಕ್ಕೆ ಇದೆ. ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ತೆರಿಗೆ ಇರುವ ಸಾಮಾನನ್ನು ರಾಜ್ಯದ ಹೊರಗೆ ಕಳಿಸಿದರೆ 40 ಲಕ್ಷದ ಮಾತು ನಡೆಯುವುದಿಲ್ಲ. ಪುಣೆ, ಮುಂಬೈಗೆ ಮಿಡಿ ಕಳಿಸುತ್ತಿದ್ದರೆ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ. ಆಹಾರ ಸುರಕ್ಷತೆ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿ ನಂಬರ್ ಲೇಬಲ್ ಮೇಲೆ ಇದೆ ಅಲ್ವಾ? ಕ್ಯಾಟಲಾಗ್ ಫೋಟೋದಲ್ಲೂ ಅದು ಕಾಣಲಿ, ಗೊತ್ತಿಲ್ಲದ ಊರಿನವರು ನಂಬಲು ಅದೇ ದಾರಿ.

---

ಹಪ್ಪಳದ ಮನೆ, ಶಿರಸಿ

ಐದು ವಾರ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಹುಡುಗ ಒಂದು ಶನಿವಾರ ಬಂದು ಕೂತ. ಫೇಸ್‌ಬುಕ್, ಇನ್‌ಸ್ಟಾ, ಯೂಟ್ಯೂಬ್ ಮೂರು ಅವನ ಲ್ಯಾಪ್‌ಟಾಪ್‌ನಲ್ಲಿ ತೆರೆದೇ ಇತ್ತು, ಬದಲಾಯಿಸಿಕೊಂಡೆವು. ಎಕ್ಸ್, ಶೇರ್‌ಚಾಟ್ ಸಿಗಲಿಲ್ಲ. ಸಿಗದಿದ್ದರೆ ಹೋಗಲಿ ಅಂತ ಬಿಟ್ಟೆ, ಮೇಲೆ ಬೋರ್ಡ್ ಹಾಕಲೂ ಆಗಲಿಲ್ಲ.

ನೋಟ್‌ಬುಕ್ ಬರೆದೆ. ಒಂದು ತಿಂಗಳಲ್ಲಿ 73 ಆರ್ಡರ್. 41 ಹಳೆಯ ಗಿರಾಕಿಗಳು, ಎಲ್ಲರೂ ವಾಟ್ಸಾಪ್. 17 ಜನ "ನಮ್ಮ ಅಕ್ಕ ಹೇಳಿದಳು", "ಆಫೀಸಿನಲ್ಲಿ ತಿಂದೆ" ಅಂದರು. ಇದನ್ನು ಯಾವ ಆಪ್‌ಗೆ ಸೇರಿಸಲಿ? ಇನ್‌ಸ್ಟಾದಿಂದ 9, ಫೇಸ್‌ಬುಕ್‌ನಿಂದ 4. ಗೂಗಲ್ ಪ್ರೊಫೈಲ್ ಮಾಡಿ ಹತ್ತು ದಿನಕ್ಕೆ ಇಬ್ಬರು ಬಂದರು, ಅದರಲ್ಲಿ ಒಬ್ಬರು ಸೋಂದಾ ಮಠಕ್ಕೆ ಬಂದವರು ಕಾರು ನಿಲ್ಲಿಸಿ ಮನೆಗೇ ಬಂದು ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿದು 12 ಕಟ್ಟು ತಗೊಂಡು ಹೋದರು. ವಿಳಾಸ ಮುಚ್ಚಿಟ್ಟಿದ್ದೆ, ಫೋನ್ ಮಾಡಿ ದಾರಿ ಕೇಳಿಕೊಂಡೇ ಬಂದರು.

ಈಗ ನನ್ನದು ಇಷ್ಟೇ. ಬೆಳಿಗ್ಗೆ ಆರ್ಡರ್‌ಗೆ ಉತ್ತರ, ಸಂಜೆ ಒಂದು ಸ್ಟೇಟಸ್. ಭಾನುವಾರ ಇನ್‌ಸ್ಟಾ, ಫೇಸ್‌ಬುಕ್ ಒಟ್ಟಿಗೆ ಎರಡು ಪೋಸ್ಟ್. ರೇಟ್ ಎಲ್ಲ ಕಡೆ ಬರೆದಿದ್ದೇನೆ. "ಅವರದ್ದು ಕಡಿಮೆ ಇದೆ" ಅಂತ ಇಬ್ಬರು ಕಾಮೆಂಟ್ ಹಾಕಿದರು, ಮೊದಲಾಗಿದ್ದರೆ ಉದ್ದ ಉತ್ತರ ಬರೆಯುತ್ತಿದ್ದೆ, ಈಗ ಸುಮ್ನೆ ಇದ್ದೆ. ಚೀಟಿ ಇಡುತ್ತಿದ್ದೇನೆ, ಅತ್ತೆಯೇ ಕೈಬರಹದಲ್ಲಿ ಬರೆದದ್ದನ್ನು ಜೆರಾಕ್ಸ್ ಮಾಡಿಸಿದೆ. ವಿಜಯನಗರದ ಅಕ್ಕ ಜೀರಿಗೆ ಮಿಡಿ ಅರ್ಧ ಕೆಜಿ ತಗೊಂಡು ರಿವ್ಯೂ ಕೂಡ ಬರೆದರು, ಉಪ್ಪು ಸ್ವಲ್ಪ ಜಾಸ್ತಿ ಅಂತಲೂ ಬರೆದಿದ್ದಾರೆ. ಅದೂ ಇರಲಿ ಬಿಡಿ.

ವಿಡಿಯೋ 30 ಆಗಲಿಲ್ಲ, 22 ಆಯಿತು. ಮೊನ್ನೆಯಿಂದ ಮಳೆ ಹಿಡಿದಿದೆ, ಚಾಪೆ ಎತ್ತಿ ಅಟ್ಟಕ್ಕೆ ಹಾಕಿದೆವು.

ಟೆಲಿಗ್ರಾಂ ಮುಚ್ಚಿದ್ದಕ್ಕೆ ಒಬ್ಬರೇ ಒಬ್ಬರು ಫೋನ್ ಮಾಡಿ ಯಾಕೆ ಅಂತ ಕೇಳಿದರು. ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣ. ಎರಡು ವರ್ಷದಲ್ಲಿ ಅವನು ಒಂದು ಕಟ್ಟು ಹಪ್ಪಳವನ್ನೂ ದುಡ್ಡು ಕೊಟ್ಟು ತಗೊಂಡವನಲ್ಲ.